ಅಂಗಳದಲ್ಲಿ ಎರಡು ಗಳಗಳು



ಹುಣಸಗಿ ಸೀಮೆಯ ಎರೆಭೂಮಿಯನ್ನು ಬಲ್ಲವರಿಗೆ ನಾವು ಹೇಳಹೊರಟಿರುವ ಸಂಗತಿ ಬೇಗನೆ ಮನದಟ್ಟಾದೀತು. ಮಳೆ ಸುರಿದರೆ ಎತ್ತಿನ ಬಂಡಿಯೇ ಹೂತುಹೋಗುವ ಆ ನೆಲದಲ್ಲಿ, ಪಟ್ಟಣದ ಸಮಾರಂಭದಲ್ಲಿ ದಾನವಾಗಿ ದೊರೆತ ಗಾಲಿಕುರ್ಚಿ ಏನು ಮಾಡೀತು? ಕೊನೆಗದು ಜೋಳದ ಚೀಲ ಹೊತ್ತು ಪಡಸಾಲೆಯ ಮೂಲೆ ಸೇರುತ್ತದೆ. ದಾನಿಗಳನ್ನು ಹಳಿಯಲೆಂದು ಈ ಮಾತನ್ನು ಆಡುತ್ತಿಲ್ಲ. ಕುರ್ಚಿ ಬಂದಿತು, ಅದರ ಹಿಂದೆ ಕಲಿಸುವವರು ಬರಲಿಲ್ಲ, ಅಷ್ಟೆ.

ಅಂಗವಿಕಲರನ್ನು ದೂರದ ಸಂಸ್ಥೆಗೆ ಸೇರಿಸುವುದೇ ಪುನರ್ವಸತಿಯೆಂಬ ಭಾವನೆ ಬಹುಕಾಲ ಬೇರೂರಿತ್ತು. ಬಡ ದೇಶಗಳಲ್ಲಿ ಅಂತಹ ಸಂಸ್ಥೆಗಳು ನಿಲುಕುತ್ತಿದ್ದುದು ಕೆಲವರಿಗೆ ಮಾತ್ರ. 1978ರ ಅಲ್ಮಾ ಆಟಾ ಸಮ್ಮೇಳನದ ತರುವಾಯ ವಿಶ್ವ ಆರೋಗ್ಯ ಸಂಸ್ಥೆಯು ಬೇರೊಂದು ಹಾದಿಯನ್ನು ತೋರಿತು. ಮನೆಯವರಿಗೇ ತರಬೇತಿ ಕೊಡುವುದು, ಊರಿನಲ್ಲಿ ದೊರೆಯುವ ಸಾಮಗ್ರಿಯನ್ನೇ ಬಳಸುವುದು ಅದರ ತಿರುಳು. ಅಂಗಳದಲ್ಲಿ ಎರಡು ಗಳಗಳನ್ನು ಸೊಂಟದ ಎತ್ತರಕ್ಕೆ ಸಮನಾಗಿ ಕಟ್ಟಿದರೆ ಮಗು ಅವನ್ನು ಹಿಡಿದು ಹೆಜ್ಜೆಯಿಡಲು ಕಲಿಯುತ್ತದೆ. ಆ ಸಂಸ್ಥೆ 1989ರಲ್ಲಿ ಹೊರತಂದ ಕೈಪಿಡಿಯು ಮನೆಮಂದಿಯನ್ನೂ ಶಾಲೆಯ ಉಪಾಧ್ಯಾಯರನ್ನೂ ಉದ್ದೇಶಿಸಿ ಬರೆದದ್ದು.

ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿಗೊಬ್ಬರು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿರಬೇಕೆಂಬ ಯೋಜನೆಯಿದೆ. ಅವರೂ ಅಂಗವಿಕಲರೇ, ದೊರೆಯುವುದು ಸಂಬಳವಲ್ಲ, ಗೌರವಧನ. 1995ರ ಕಾಯಿದೆ 7 ಬಗೆಯ ವೈಕಲ್ಯಗಳನ್ನು ಹೆಸರಿಸಿದ್ದರೆ 2016ರ ಕಾಯಿದೆ 21 ಬಗೆಗಳನ್ನು ಹೆಸರಿಸಿತು. ಇವರ ಹೊರೆ ಅಷ್ಟರಮಟ್ಟಿಗೆ ಹೆಚ್ಚಿತು. ಮಾಸಾಶನದ ಅರ್ಜಿ, ಗುರುತಿನ ಚೀಟಿಗಳ ಓಡಾಟ ಬೇಕಾದದ್ದೇ. ಆದರೆ ಕಾಗದಪತ್ರಗಳು ಅಂಗಳದ ವೇಳೆಯನ್ನು ನುಂಗಬಾರದೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ನಮ್ಮನ್ನು ಹೆಚ್ಚು ಕಾಡುವ ಪ್ರಶ್ನೆ ಬೇರೆಯೇ ಇದೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಹರಿದ ಹೊಲಗಳಲ್ಲಿ ಭತ್ತ ಬೆಳೆಯುತ್ತದೆ. ನೀರು ಕಾಣದ ಊರುಗಳಿಂದ, ತಾಂಡಾಗಳಿಂದ ಕುಟುಂಬಗಳು ಬೆಂಗಳೂರು, ಮುಂಬಯಿಗಳ ಕಟ್ಟಡದ ಕೆಲಸಕ್ಕೆ ಗುಳೆ ಹೋಗುತ್ತವೆ. ನಡೆಯಲಾರದ ಮಗು ಅಜ್ಜಿಯ ಪಾಲಿಗೆ ಉಳಿಯುತ್ತದೆ. ತಾಯಿಗೆ ಕಲಿಸಿದ ವ್ಯಾಯಾಮ ತಾಯಿಯೊಡನೆಯೇ ಬಸ್ಸು ಹತ್ತುತ್ತದೆ. ಅವಳು ಮರಳುವ ವೇಳೆಗೆ ಮಗುವಿನ ಮೊಣಕಾಲು ಬಿಗಿದು, ಗಳಿಸಿದ್ದ ನಾಲ್ಕು ಹೆಜ್ಜೆಗಳೂ ಕೈಬಿಟ್ಟಿರುತ್ತವೆ. ಸಮುದಾಯಾಧಾರಿತ ಪುನರ್ವಸತಿಯನ್ನು ತಾಯಿಯೊಬ್ಬಳ ಹೆಗಲಿಗೇರಿಸಿ, ಅದಕ್ಕೆ ಸಮುದಾಯವೆಂಬ ಹೆಸರಿಟ್ಟು ಕುಳಿತಿದ್ದೇವೆಯೇ ಎಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕಾಗಿದೆ.

ಆದುದರಿಂದ ಆ ವಿದ್ಯೆ ಅಜ್ಜಿಗೂ, ನೆರೆಮನೆಯವರಿಗೂ, ಅಂಗನವಾಡಿ ಕಾರ್ಯಕರ್ತೆಗೂ ತಿಳಿದಿರಬೇಕು. ಕೈಕಾಲಿಗೆ ಎಣ್ಣೆ ನೀವುವುದರಲ್ಲಿ ಅಜ್ಜಿಯರು ನಮಗಿಂತ ನಿಪುಣರು. ಬಿಗಿದ ಕಾಲನ್ನು ನೋವಾಗದಂತೆ ಮೆಲ್ಲನೆ ಚಾಚುವ ಬಗೆಯನ್ನಷ್ಟೇ ಅವರಿಗೆ ತೋರಿಸಿಕೊಟ್ಟರೆ ಸಾಕು.

ಈ ಬಾರಿ ಗುಳೆಯ ಬಸ್ಸುಗಳು ಹೊರಡುವ ಮುನ್ನ, ನಿಮ್ಮ ಓಣಿಯಲ್ಲಿ ಹೀಗೆ ಉಳಿಯಲಿರುವ ಮಕ್ಕಳು ಯಾರೆಂದು ವಿಚಾರಿಸಿರಿ. ಪುನರ್ವಸತಿ ಕಾರ್ಯಕರ್ತರು ಬರುವ ದಿನ ಅಜ್ಜಿಯೊಡನೆ ನೀವೂ ಆ ಅಂಗಳದಲ್ಲಿ ಕುಳಿತು ಕಲಿಯಬೇಕೆಂದು ಕೋರುತ್ತೇವೆ.