ಹಾಡಿಗೆ ಕುಣಿದ ದೀಪ



ಹತ್ತನೇ ತರಗತಿಯಲ್ಲಿದ್ದಾಗ ಓಣಿಯ ಗಣಪತಿಗೆ ಹಾಡಿಗೆ ತಕ್ಕಂತೆ ಮಿನುಗುವ ದೀಪ ಮಾಡಲು ಹೊರಟೆ. ಸ್ಟೇಷನ್ ರಸ್ತೆಯ ರೇಡಿಯೊ ರಿಪೇರಿ ಅಂಗಡಿಯಿಂದ ಹಳೆಯ ಸಾಮಾನು ತಂದೆ. ಟೇಪ್ ರೆಕಾರ್ಡರಿನ ಸ್ಪೀಕರ್ ತಂತಿಯಲ್ಲಿ ಬರುವ ಸಣ್ಣ ವಿದ್ಯುತ್ತು ಟ್ರಯಾಕ್ ಎಂಬ ಬಿಡಿಭಾಗವನ್ನು ಸ್ವಿಚ್ಚಿನಂತೆ ಚಾಲೂ ಮಾಡುತ್ತದೆ. ಅದು 230 ವೋಲ್ಟಿನ ಬಲ್ಬು ಹೊತ್ತಿಸುತ್ತದೆ. ಡೊಳ್ಳಿನ ಪ್ರತಿ ಪೆಟ್ಟಿಗೂ ಬಲ್ಬು ಮಿನುಗಿತು. ಖುಷಿಯಲ್ಲಿ ಟೇಪಿನ ತಗಡಿಗೆ ಕೈಯಿಟ್ಟೆ; ಶಾಕ್ ಹೊಡೆದು ಹಿಂದಕ್ಕೆ ಬಿದ್ದೆ. ಮನೆಯ ಕರೆಂಟು ಹಾಡಿನ ತಂತಿಗೂ ಹರಿದಿತ್ತು.

ಬೈಗುಳಕ್ಕೆ ಹೆದರಿ ಯಾರನ್ನೂ ಕೇಳದೆ ಮಾಡಿದ್ದೇ ನನ್ನ ತಪ್ಪು. ಆದರೆ ವಿಜ್ಞಾನದ ಸರ್ ಬೈಯಲಿಲ್ಲ. “ದೀಪ ಕುಣೀಲಿ ತಮ್ಮಾ, ನೀ ಕುಣೀಬ್ಯಾಡ” ಎಂದರು. ಆಮೇಲೆ ಎಂಒಸಿ 3021 ಎಂಬ ಆರು ಕಾಲಿನ ಐಸಿ ತೋರಿಸಿದರು. ಅದರೊಳಗೆ ಒಂದು ಬದಿಗೆ ಪುಟ್ಟ ಎಲ್‌ಇಡಿ, ಇನ್ನೊಂದು ಬದಿಗೆ ಅದರ ಬೆಳಕು ಬಿದ್ದರೆ ಚಾಲೂ ಆಗುವ ಸ್ವಿಚ್ಚು. ಬೆಳಕು ದಾಟುತ್ತದೆ, ಕರೆಂಟು ದಾಟುವುದಿಲ್ಲ.

“ಗೋಳಗುಮ್ಮಟದಾಗ ಈ ಕಡೆ ಪಿಸುಗುಟ್ಟಿದ್ದು ಆ ಕಡೆ ಕೇಳತೈತಿ. ನಡುವ ತಂತಿ ಐತೇನು?” ಎಂದು ಕೇಳಿದರು. ಪಾಠ ಅಂದೇ ತಲೆಗೆ ಹತ್ತಿತು. ಅದೇ ನನ್ನ ಹೊಟ್ಟೆಪಾಡೂ ಆಯಿತು.

ಇಂದು ಈ ವೇದಿಕೆಯ ದೀಪ ಕಟ್ಟಿದವನು ನಾನೇ. ಎಲ್ಲವೂ 12 ವೋಲ್ಟಿನ ಎಲ್‌ಇಡಿ. ಮಕ್ಕಳೇ, ನೀವೂ ಕಟ್ಟಿರಿ. ಮೊದಲು ಬ್ಯಾಟರಿಯಿಂದ ಕಲಿಯಿರಿ. ಮನೆಯ ಕರೆಂಟು ಮುಟ್ಟುವ ಮೊದಲು ಗುರುಗಳನ್ನು ಕೇಳಿರಿ. ಶಿಕ್ಷಕರಲ್ಲಿಯೂ ಒಂದು ಬಿನ್ನಹ: ಕೇಳಲು ಬಂದ ಹುಡುಗ ಹೆದರದಂತೆ ನೋಡಿಕೊಳ್ಳಿರಿ. ನಾನು ಉಳಿದಿದ್ದು ಅದೃಷ್ಟದಿಂದ, ಕಲಿತದ್ದು ಈ ಶಾಲೆಯಿಂದ.