ಲೋಹದ ಕಂಪನವೂ ಅತಿವಾಹಕತೆಯೂ
(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಉಪನ್ಯಾಸ)



ವಿದ್ಯುತ್ ಹರಿಯುವ ತಂತಿ ಬಿಸಿಯಾಗುವುದೇಕೆ ಎಂದರೆ ಪಿ.ಯು.ಸಿ. ವಿದ್ಯಾರ್ಥಿಗಳು ಕೂಡಲೇ ಉತ್ತರಿಸುತ್ತಾರೆ: ಲೋಹದ ಪರಮಾಣುಗಳು ಕಂಪಿಸುತ್ತವೆ, ಎಲೆಕ್ಟ್ರಾನುಗಳ ಓಟಕ್ಕೆ ಅದು ಅಡ್ಡಿ. ಉತ್ತರ ಸರಿಯೇ. ಆದರೆ ಅದೇ ಕಂಪನ ಇನ್ನೊಂದು ಸಂದರ್ಭದಲ್ಲಿ ಅಡ್ಡಿಯನ್ನು ಪೂರ್ತಿ ತೊಡೆದುಹಾಕುತ್ತದೆ.

1911ರಲ್ಲಿ ಹಾಲೆಂಡಿನ ಲೈಡನ್‌ನಲ್ಲಿ ಕ್ಯಾಮರ್ಲಿಂಗ್ ಆನ್ನೆಸ್ ಅವರು ಪಾದರಸವನ್ನು 4.2 ಕೆಲ್ವಿನ್‌ಗೆ, ಅಂದರೆ ಸುಮಾರು ಮೈನಸ್ 269 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಿದಾಗ ಅದರ ವಿದ್ಯುತ್ ರೋಧ ಇದ್ದಕ್ಕಿದ್ದಂತೆ ಮಾಯವಾಯಿತು. ಇದೇ ಅತಿವಾಹಕತೆ. ಕಾರಣದ ಸುಳಿವು ಸಿಕ್ಕಿದ್ದು 1950ರಲ್ಲಿ. ಪಾದರಸದ ಭಾರವಾದ ಐಸೋಟೋಪ್‌ನಲ್ಲಿ ಅತಿವಾಹಕತೆ ತುಸು ಕಡಿಮೆ ಉಷ್ಣತೆಯಲ್ಲಿ ಬರುತ್ತಿತ್ತು. ಪರಮಾಣುವಿನ ತೂಕಕ್ಕೂ ಎಲೆಕ್ಟ್ರಾನಿಗೂ ಏನು ಸಂಬಂಧ? ಭಾರದ ಪರಮಾಣು ನಿಧಾನವಾಗಿ ಕಂಪಿಸುತ್ತದೆ. ಗುಟ್ಟು ಕಂಪನದಲ್ಲಿತ್ತು! 1957ರಲ್ಲಿ ಬಾರ್ಡೀನ್, ಕೂಪರ್, ಶ್ರೀಫರ್ ಇದನ್ನು ಬಿಡಿಸಿ ಹೇಳಿದರು. ಎಲೆಕ್ಟ್ರಾನ್ ಹಾದುಹೋಗುವಾಗ ಧನ ಅಯಾನುಗಳು ಅದರತ್ತ ತುಸು ವಾಲುತ್ತವೆ. ಅವು ಸ್ವಸ್ಥಾನಕ್ಕೆ ಮರಳುವ ಮೊದಲೇ ಇನ್ನೊಂದು ಎಲೆಕ್ಟ್ರಾನ್ ಆ ಕಡೆಗೆ ಸೆಳೆಯಲ್ಪಡುತ್ತದೆ. ಹೀಗೆ ಎಲೆಕ್ಟ್ರಾನುಗಳು ಜೋಡಿಯಾಗುತ್ತವೆ.

ಲೋಹವನ್ನು ಕೆಲವೇ ನ್ಯಾನೋಮೀಟರ್ ಗಾತ್ರದ ಕಣಗಳಾಗಿ ಮಾಡಿದರೆ? ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ಇಷ್ಟು ಸಣ್ಣ ಕಣದಲ್ಲಿ ಬಹಳಷ್ಟು ಪರಮಾಣುಗಳು ಮೇಲ್ಮೈಯಲ್ಲೇ ಇರುತ್ತವೆ. ಕೈ ಹಿಡಿದು ನಿಂತ ಸಾಲನ್ನು ನೆನೆಯಿರಿ: ನಡುವಿನವನಿಗೆ ಎರಡೂ ಕಡೆ ಹಿಡಿತ, ಕೊನೆಯವನಿಗೆ ಒಂದೇ ಕಡೆ. ಮೇಲ್ಮೈ ಪರಮಾಣುವೂ ಹಾಗೆಯೇ ಸಡಿಲವಾಗಿ, ನಿಧಾನವಾಗಿ ಓಲಾಡುತ್ತದೆ. ಈ ಮೆತ್ತನೆಯ ಕಂಪನ ಎಲೆಕ್ಟ್ರಾನುಗಳನ್ನು ಇನ್ನೂ ಬಲವಾಗಿ ಬೆಸೆಯಬಲ್ಲದು. 1.2 ಕೆಲ್ವಿನ್‌ನಲ್ಲಿ ಅತಿವಾಹಕವಾಗುವ ಅಲ್ಯೂಮಿನಿಯಂ, ಸೂಕ್ಷ್ಮ ಕಣಗಳ ತೆಳುಪದರವಾದಾಗ ಅದರ ಎರಡು ಪಟ್ಟಿಗೂ ಮೀರಿದ ಉಷ್ಣತೆಯಲ್ಲೇ ಹಾಗಾಗಬಲ್ಲದು. ಅದಕ್ಕೆ ಮೆತ್ತನೆಯ ಕಂಪನವೇ ಕಾರಣವೆಂದು ಹಲವರು ಹೇಳಿದರು, ಎಲ್ಲರೂ ಒಪ್ಪಿಲ್ಲ.

ಹಾಗಾದರೆ ಚಿಕ್ಕದಾದಷ್ಟೂ ಒಳ್ಳೆಯದೇ? ಅವಸರ ಬೇಡ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಿಯೋಬಿಯಂ ತದ್ವಿರುದ್ಧವಾಗಿ ನಡೆದುಕೊಂಡಿತು. ದೊಡ್ಡ ಕಣಗಳಲ್ಲಿ 9 ಕೆಲ್ವಿನ್‌ಗೂ ಮೇಲಿದ್ದ ಸಂಕ್ರಮಣ ಉಷ್ಣತೆ ಕಣ ಕುಗ್ಗಿದಂತೆ ಇಳಿದು ಸುಮಾರು ಅರ್ಧವಾಯಿತು. ಸುಮಾರು 8 ನ್ಯಾನೋಮೀಟರಿಗಿಂತ ಕೆಳಗೆ ಅತಿವಾಹಕತೆಯೇ ಉಳಿಯಲಿಲ್ಲ. ಅಲ್ಲಿ ಮೇಲುಗೈ ಕಂಪನದ್ದಲ್ಲ: ಎಲೆಕ್ಟ್ರಾನುಗಳಿಗೆ ದೊರೆಯುವ ಶಕ್ತಿಸ್ಥಿತಿಗಳೇ ವಿರಳವಾಗಿದ್ದವು.

ನನಗೆ ಅತ್ಯಂತ ಸ್ವಾರಸ್ಯವೆನಿಸಿದ್ದು ಸೀಸ. 7.2 ಕೆಲ್ವಿನ್‌ನಲ್ಲಿ ಅತಿವಾಹಕವಾಗುವ ಈ ಲೋಹದ ಸಂಕ್ರಮಣ ಉಷ್ಣತೆ, ಕಣ ತೀರಾ ಚಿಕ್ಕದಾಗುವವರೆಗೂ ಹೆಚ್ಚು ಕದಲುವುದಿಲ್ಲ. ಒಳಗೆ ಏನೂ ನಡೆಯುತ್ತಿಲ್ಲವೆಂದು ಅಳತೆ ನೋಡಿದವರು ಭಾವಿಸಬಹುದು. ನಡೆಯುತ್ತಿದೆ. ಮೆತ್ತಗಾದ ಕಂಪನ ಉಷ್ಣತೆಯನ್ನು ಮೇಲಕ್ಕೆ ತಳ್ಳುತ್ತಿದೆ, ವಿರಳವಾದ ಶಕ್ತಿಸ್ಥಿತಿಗಳು ಕೆಳಕ್ಕೆ ಎಳೆಯುತ್ತಿವೆ. ಎರಡೂ ಸರಿಸಮವಾಗಿ ನಿಂತಿವೆ.