ಕಾಣದ ಬೆಳಕು ಸೂಸುವ ಹರಳು

ಕೈಲಾಂಚದ ಮಕ್ಕಳೇ, ನಿಮ್ಮೂರಿನ ಸುತ್ತಮುತ್ತ ಬಂಡೆಗಳಿಗೆ ಬರವೇ ಇಲ್ಲ. ಒಡೆದ ಗ್ರಾನೈಟ್ ಚೂರೊಂದನ್ನು ಬಿಸಿಲಿಗೆ ಹಿಡಿದು ಮೆಲ್ಲಗೆ ತಿರುಗಿಸಿ. ನಸುಗೆಂಪು ಬಣ್ಣದ ಚಪ್ಪಟೆ ಮುಖಗಳು ಮಿರುಗುತ್ತವೆ. ಅವು ಫೆಲ್ಡ್‌ಸ್ಪಾರ್ ಎಂಬ ಖನಿಜದ ಹರಳುಗಳು. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತಲ್ಲ, ಭೂವಿಜ್ಞಾನಿಗಳು ಇಂದಿಗೂ ಈ ಕಲ್ಲನ್ನು ಕ್ಲೋಸ್‌ಪೇಟ್ ಗ್ರಾನೈಟ್ ಎಂದೇ ಕರೆಯುತ್ತಾರೆ.

ಹರಳಿನೊಳಗೆ ಏನಿದೆ? ಹಬ್ಬದ ದಿನ ಅಂಗಳದಲ್ಲಿ ಇಡುವ ಚುಕ್ಕಿ ರಂಗೋಲಿ ನೆನೆಸಿಕೊಳ್ಳಿ. ಸಾಲು ತಪ್ಪದೆ, ಅಂತರ ತಪ್ಪದೆ ಚುಕ್ಕಿಗಳು ಕೂತಿರುತ್ತವೆ. ಹರಳಿನಲ್ಲಿ ಪರಮಾಣುಗಳೂ ಹಾಗೆಯೇ. ಆದರೆ ಈ ರಂಗೋಲಿ ನೆಲದಲ್ಲಿ ಹರಡಿದ್ದಷ್ಟೇ ಅಲ್ಲ, ಪದರದ ಮೇಲೆ ಪದರವಾಗಿ ಎತ್ತರಕ್ಕೂ ಬೆಳೆದಿರುತ್ತದೆ.

ಇಂಥ ಜೋಡಣೆಗಳಲ್ಲಿ ಪೆರೋವ್‌ಸ್ಕೈಟ್ ಎಂದರೆ ನನಗೆ ಬಲು ಇಷ್ಟ. 1839ರಲ್ಲಿ ಖನಿಜವಿಜ್ಞಾನಿ ಗುಸ್ತಾವ್ ರೋಸ್ ಅವರು ಉರಲ್ ಬೆಟ್ಟಗಳಿಂದ ಬಂದ ಕಲ್ಲಿನಲ್ಲಿ ಈ ಹೆಸರಿನ ಖನಿಜವನ್ನು ಗುರುತಿಸಿದರು. ಅದೇ ಬಗೆಯ ಜೋಡಣೆಯನ್ನು ಈಗ ಪ್ರಯೋಗಾಲಯಗಳಲ್ಲಿ ಬೇರೆ ಬೇರೆ ಧಾತುಗಳಿಂದ ಬೆಳೆಸುತ್ತಾರೆ. ಸೀಸಿಯಂ, ಸೀಸ, ಕ್ಲೋರಿನ್ ಸೇರಿದ ಹರಳು ಅವುಗಳಲ್ಲೊಂದು. ಅತಿನೇರಳೆ ಬೆಳಕು ಬಿದ್ದರೆ ಅದು ನೇರಳೆ ಬಣ್ಣ ಸೂಸುತ್ತದೆ.

ಈಗ ರಂಗೋಲಿಯಲ್ಲಿ ಅಲ್ಲೊಂದು ಇಲ್ಲೊಂದು ಬಿಳಿ ಚುಕ್ಕಿ ಅಳಿಸಿ, ಆ ಜಾಗಕ್ಕೆ ಕುಂಕುಮದ ಚುಕ್ಕಿ ಇಡಿ. ಸಾಲು ಕೆಡಲಿಲ್ಲ, ನೋಟ ಬದಲಾಯಿತು. ಹರಳಿನಲ್ಲೂ ಕೆಲವು ಸೀಸದ ಪರಮಾಣುಗಳ ಜಾಗದಲ್ಲಿ ಇಟರ್ಬಿಯಂ ಎಂಬ ಲೋಹವನ್ನು ಕೂರಿಸುತ್ತಾರೆ. ಇದೇ ಡೋಪಿಂಗ್.

ಆಮೇಲೆ ನಡೆಯುವುದೇ ಸೊಗಸು. ಹರಳು ನುಂಗಿದ ಬೆಳಕಿನ ಶಕ್ತಿ ನೇರಳೆಯಾಗಿ ಹೊರಡುವ ಮೊದಲೇ ಇಟರ್ಬಿಯಂ ಅದನ್ನು ಪಡೆದುಬಿಡುತ್ತದೆ. ಆದರೆ ಅಷ್ಟು ಶಕ್ತಿ ಒಂದು ಪರಮಾಣುವಿಗೆ ಹೆಚ್ಚಾಯಿತು! ಎರಡು ಪರಮಾಣುಗಳು ಹಂಚಿಕೊಳ್ಳುತ್ತವೆ. ಒಂದೊಂದೂ ಕಡಿಮೆ ಶಕ್ತಿಯ ಒಂದೊಂದು ಬೆಳಕಿನ ಕಣವನ್ನು ಹೊರಬಿಡುತ್ತದೆ. ಒಳಗೆ ಹೋದದ್ದು ಒಂದು, ಹೊರಬಂದದ್ದು ಎರಡು. 2018ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಡೇನಿಯಲ್ ಗ್ಯಾಮೆಲಿನ್ ಅವರ ತಂಡ ಹೀಗೆ 100 ಕಣಗಳಿಗೆ ಸುಮಾರು 200ರ ಹತ್ತಿರದವರೆಗೆ ಮರಳಿ ಪಡೆಯಿತು. ಶಕ್ತಿ ಹೆಚ್ಚಲಿಲ್ಲ, ಪಾಲಾಯಿತು ಅಷ್ಟೆ.

ಹೊರಬಂದ ಬೆಳಕು ನಮಗೆ ಕಾಣುವುದಿಲ್ಲ. ಅದು ಕೆಂಪಿನ ಆಚೆಗಿನ ಸಮೀಪ ಅವಕೆಂಪು. ಟಿವಿ ರಿಮೋಟ್ ಬಿಡುವುದೂ ಈ ಜಾತಿಯ ಬೆಳಕನ್ನೇ. ಮೊಬೈಲಿನ ಮುಂದಿನ ಕ್ಯಾಮೆರಾಕ್ಕೆ ರಿಮೋಟ್ ತೋರಿಸಿ ಗುಂಡಿ ಒತ್ತಿ. ಎಷ್ಟೋ ಫೋನುಗಳಲ್ಲಿ ತುದಿಯ ಪುಟ್ಟ ದೀಪ ಮಿನುಗುವುದು ಕಾಣುತ್ತದೆ.

ಸಿಲಿಕಾನ್ ಸೌರಫಲಕಕ್ಕೆ ಈ ಬೆಳಕು ಚೆನ್ನಾಗಿ ಒಗ್ಗುತ್ತದೆ. ನೇರಳೆ ಬೆಳಕು ನೇರವಾಗಿ ಬಿದ್ದರೆ ಅದರ ಶಕ್ತಿಯ ಬಹುಪಾಲು ಬರಿದೆ ಬಿಸಿಯಾಗಿ ಹೋಗುತ್ತದೆ. ಅದನ್ನು ಮೊದಲೇ ಎರಡಾಗಿಸಿ ಕೊಟ್ಟರೆ ಫಲಕ ಹೆಚ್ಚು ವಿದ್ಯುತ್ ಕೊಡಬಲ್ಲದು.

ನಮ್ಮ ನೆರೆಯಲ್ಲೇ, ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ, ರಂಜನಿ ವಿಶ್ವನಾಥ ಅವರ ತಂಡ ಪೆರೋವ್‌ಸ್ಕೈಟ್‌ನ ಅತಿಸಣ್ಣ ಹರಳುಗಳಿಗೆ ಮ್ಯಾಂಗನೀಸ್ ಸೇರಿಸಿ ಬೆಳಕಿನ ನಡೆಯನ್ನು ಅಭ್ಯಸಿಸಿದೆ.

ಒಂದು ತೊಡಕಿದೆ: ಸೀಸ ವಿಷ. ಅದಕ್ಕೇ ಪುಣೆಯ ಐಸರ್ ಸಂಸ್ಥೆಯ ಅಂಶುಮಾನ್ ನಾಗ್ ಅವರ ತಂಡ ಸೀಸದ ಬದಲು ಬೆಳ್ಳಿ, ಇಂಡಿಯಂ ಇರುವ ಹರಳಿಗೆ ಇಟರ್ಬಿಯಂ ಸೇರಿಸಿತು. ಅವಕೆಂಪು ಬೆಳಕು ಬಂತು. ಆದರೆ ಸೀಸದ ಹರಳಿನಷ್ಟು ಜೋರಾಗಿಲ್ಲ. ಅದನ್ನು ಅಷ್ಟೇ ಜೋರಾಗಿಸುವ ಕೆಲಸ ಇನ್ನೂ ಬಾಕಿಯಿದೆ.